ಗಂಡನ ಹೆಸರಿಗೆ ಸೊನ್ನೆ

ಮಣಿಕೊಂಡ, ಹೈದರಾಬಾದ್
12 ಜೂನ್ 2025, ಕಾರ ಹುಣ್ಣಿಮೆ ಆದಮೇಲಿನ ಗುರುವಾರ

ಚಿರಂಜೀವಿ ಉಪೇಂದ್ರನಿಗೆ,

ಹಡೆದವಳ ಆಶೀರ್ವಾದ. ಅದನ್ನು ಮೊದಲೇ ಬರೆದುಬಿಟ್ಟಿದ್ದೇನೆ, ಕೆಳಗೆ ಹೋಗುತ್ತ ಹೋಗುತ್ತ ಮನಸ್ಸು ಬದಲಾದೀತು. ನಿನ್ನ ಬೆನ್ನುನೋವು ಹೇಗಿದೆ? ನಾಗಪುರದ ಬಿಸಿಲು ಭಾಳ ಕೆಟ್ಟದ್ದಂತೆ, ತಲೆಗೆ ವಸ್ತ್ರ ಕಟ್ಟಿಕೊಂಡು ಹೊರಗೆ ಹೋಗು. ಸೊಸೆಗೆ ಬಿಪಿ ಗುಳಿಗೆ ತಪ್ಪಿಸಬೇಡ ಎಂದು ಹೇಳು. ಇಲ್ಲಿ ನಿನ್ನ ತಂಗಿ ಸುವರ್ಣಾ, ಅಳಿಯ ಸಂಗಣ್ಣ ಇಬ್ಬರೂ ಕ್ಷೇಮ. ನನ್ನ ಮರೆವೂ ಕ್ಷೇಮವಾಗಿದೆ, ದಿನಕ್ಕಿಷ್ಟು ಬೆಳೆಯುತ್ತಿದೆ. ತಾರೀಖನ್ನು ಸುವರ್ಣಾ ಹೇಳಿದಳು, ಹುಣ್ಣಿಮೆಯನ್ನು ನಾನೇ ಬರೆದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾನು ಒಂದು ಮಾತಿಗೆ ತಡವರಿಸಿದರೆ ಸಾಕು, ನೀನು 'ಆತು ಯವ್ವಾ, ಆಮ್ಯಾಲ ಮಾತಾಡೂಣು' ಎಂದು ಇಟ್ಟುಬಿಡುತ್ತೀ. ಕಾಗದವನ್ನು ಹಾಗೆ ಅರ್ಧಕ್ಕೆ ಕತ್ತರಿಸಲು ಬರುವುದಿಲ್ಲ. ಮುಂಜಾನೆ ಚಹಾ ಕುಡಿದಮೇಲೆ ಸ್ವಲ್ಪ ಹೊತ್ತು ನನ್ನ ತಲೆ ತಿಳಿಯಾಗಿರುತ್ತದೆ, ಆಗ ಮಾತ್ರ ಬರೆಯುತ್ತೇನೆ. ಮರುದಿನ ಎಲ್ಲಿಗೆ ಬಿಟ್ಟಿದ್ದೆ ಎಂದು ತಿಳಿಯಲು ಹಿಂದಿನದನ್ನೆಲ್ಲ ಓದಿಕೊಳ್ಳಬೇಕು. ಓದಿದಾಗಲೆಲ್ಲ ಸಿಟ್ಟು ಹೊಸದಾಗಿ ಬರುತ್ತದೆ. ಈ ಕಾಯಿಲೆಯಲ್ಲಿ ಅದೊಂದು ಲಾಭವಿದೆ ನೋಡು.

ಯುಗಾದಿಗೆ ನೀನು ಬಂದಾಗ ನಡೆದದ್ದು ನನಗೆ ನೆನಪಿಲ್ಲ ಅಂದುಕೊಂಡಿದ್ದೀ. ಬೇವು ಹಂಚಿದ್ದು ನೆನಪಿಲ್ಲ, ನೀನು ತಂದ ಸೀರೆಯ ಬಣ್ಣವೂ ನೆನಪಿಲ್ಲ. ಆದರೆ ಆ ಸಂಶೋಧನೆಯ ಹುಡುಗ ಬಂದದ್ದು ನೆನಪಿದೆ. ಸೃಜನ್ ಎಂದು ಹೆಸರು. ನಾವು ಕನ್ನಡದವರೆಂದು ಮೈಸೂರು ಕಡೆಯವನನ್ನು ಹುಡುಕಿ ಕಳಿಸಿದ್ದರು. ಮರೆವಿನ ಕಾಯಿಲೆಯವರಿಗೂ ಅವರನ್ನು ಮನೆಯಲ್ಲಿ ನೋಡಿಕೊಳ್ಳುವವರಿಗೂ ಏನು ಬೇಕು ಎಂದು ಕೇಳಿ ತಿಳಿಯುತ್ತೇವೆ ಎಂದ. ನನಗೆ ಖುಷಿಯಾಯಿತು, ಕೇಳುವವರು ಒಬ್ಬರಾದರೂ ಬಂದರಲ್ಲ ಎಂದು ಸೆರಗು ಸರಿಮಾಡಿಕೊಂಡು ಕೂತೆ. ಅಷ್ಟರಲ್ಲಿ ಅವನು, ಅಜ್ಜಿಯನ್ನು ನೋಡಿಕೊಳ್ಳುವವರು ಯಾರು ಎಂದು ಕೇಳಿದ. ಮೂರ್ನಾಲ್ಕು ದಿನದ ಹಿಂದಷ್ಟೇ ರೈಲು ಇಳಿದಿದ್ದ ನೀನು ಕಾಲ ಮೇಲೆ ಕಾಲು ಹಾಕಿಕೊಂಡು 'ನಾನ, ಬರಕೋರಿ' ಅಂದೆ.

ಸುವರ್ಣಾ ಅಡುಗೆಮನೆಯ ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ನಿಂತಿದ್ದಳು. ನನ್ನ ತಲೆ ತೊಳೆಯುವವಳು ಅವಳು, ಗ್ಯಾಸ್ ಹಚ್ಚಿ ನಾನು ಮರೆತರೆ ಬೈಯದೆ ಆರಿಸುವವಳು ಅವಳು, ಅವಳನ್ನೇ ನಾನು ಸತ್ತುಹೋದ ನನ್ನ ತಂಗಿ ಎಂದು ಕರೆದರೆ 'ಏನ ಯಕ್ಕಾ' ಎಂದು ಓಗೊಡುವವಳೂ ಅವಳೇ. ಅವಳನ್ನು ಯಾರೂ ಏನೂ ಕೇಳಲಿಲ್ಲ. ನನ್ನ ಪರವಾಗಿ ಒಪ್ಪಿಗೆಯ ಸಹಿಯನ್ನೂ ನೀನೇ ಹಾಕಿದೆ. ನಿನ್ನ ಕೈ ಹಿಡಿದು ಅ ಆ ತಿದ್ದಿಸಿದವಳಿಗೆ ಸಹಿ ಬರುತ್ತದೋ ಇಲ್ಲವೋ ಎಂದು ವಿಚಾರಿಸುವ ಪುರುಸೊತ್ತು ನಿನಗೆ ಇರಲಿಲ್ಲ. ಆ ಹುಡುಗನೂ ದೊಡ್ಡ ಮಗ ಇದ್ದಾನಲ್ಲ ಎಂದು ಸುಮ್ಮನಾದ.

ಆಮೇಲೆ ಪರೀಕ್ಷೆ. ಚಿತ್ರ ತೋರಿಸಿ ಇದೇನು ಎಂದ, ಉಳ್ಳಾಗಡ್ಡಿ ಅಂದೆ. ಅವನ ಹಾಳೆಯಲ್ಲಿ ಈರುಳ್ಳಿ ಎಂದಿತ್ತು. ಇವತ್ತು ಯಾವ ದಿನ ಎಂದ, ಚೈತ್ರದ ಚೌತಿ ಅಂದೆ. ಅವನು ತಾರೀಖು ಬೇಕು ಎಂದ. ಇರಲಿ, ಅವನ ಪರೀಕ್ಷೆ, ಅವನ ಉತ್ತರ. ಕೊನೆಗೆ 'ಅಜ್ಜಿ, ನಿಮ್ಮ ಯಜಮಾನರ ಹೆಸರೇನು?' ಎಂದು ಕೇಳಿದ. ನಾನು ಬಾಯಿ ಮುಚ್ಚಿದೆ. ಅವನು ಮತ್ತೆ ಕೇಳಿದ. ಪಾಪ, ಕಾಯುತ್ತಿದ್ದಾನಲ್ಲ ಎಂದು ಕಿಟಕಿಯ ಆಚೆ ಕೈ ತೋರಿಸಿದೆ. ನಮ್ಮ ಅಪಾರ್ಟ್‌ಮೆಂಟಿನ ಹಿಂದೆ ಆನೆ ಮಲಗಿದಂತೆ ಒಂದು ಬಂಡೆ ಇದೆಯಲ್ಲ, ಅದನ್ನು. 'ಅಲ್ಲೇನೈತಿ ನೋಡ್ರಿ, ಅದ ಅವರ ಹೆಸರು' ಎಂದೆ. ನಮ್ಮೂರು ಸುರಪುರದಲ್ಲಾಗಿದ್ದರೆ ಆಡುವ ಕೂಸಿಗೂ ತಿಳಿಯುತ್ತಿತ್ತು. ಮೈಸೂರಿನ ಹುಡುಗನಿಗೆ ತಿಳಿಯಲಿಲ್ಲ, ಅದು ಅವನ ತಪ್ಪಲ್ಲ.

ಆದರೆ ನೀನು ಬಂಡೆಪ್ಪನವರ ಮಗ. ಸುವರ್ಣಾ ಬಾಗಿಲಿಂದಲೇ 'ಅಣ್ಣಾ, ಅವ್ವ ಅಪ್ಪನ ಹೆಸರ ಹಿಡದು ಹೇಳಂಗಿಲ್ಲ' ಎಂದಳು. ನೀನು ಅವಳ ಕಡೆ ತಿರುಗಿಯೂ ನೋಡದೆ 'ನೀ ಚಾ ಕೊಡು ಮೊದಲ' ಅಂದೆ. ಆಮೇಲೆ ಆ ಹುಡುಗನಿಗೆ, 'ಬರಕೋರಿ, ಅಪ್ಪನ ಹೆಸರೂ ಮರತಾಳ. ಕೇಳೂದೊಂದು, ಆಕಿ ಕಿಟಕಿ ಕಡೆ ನೋಡೂದೊಂದು' ಅಂದೆ. ಅವನು ಸೊನ್ನೆ ಬರೆದ. ಉಪೇಂದ್ರ, ಆ ಸೊನ್ನೆ ನನ್ನ ಎದೆಗೆ ಬಿತ್ತು. ನಿಮ್ಮಪ್ಪನ ಜೊತೆ ಬಾಳ್ವೆ ಮಾಡಿದಷ್ಟು ವರ್ಷ 'ಕೇಳಿದೇನ್ರಿ' ಎಂದೇ ಕರೆದವಳು ನಾನು. ನಿನಗೆ ಹೇಳುವಾಗ 'ನಿಮ್ಮಪ್ಪ', ನೆರೆಯವರಿಗೆ ಹೇಳುವಾಗ 'ನಮ್ಮವರು'. ನೀನು ಅದೇ ಮನೆಯಲ್ಲಿ ಉಂಡು ಬೆಳೆದೆ, ತಾಯಿ ಆ ಹೆಸರು ಹಿಡಿದು ಒಮ್ಮೆಯೂ ಮಾತಾಡಿಲ್ಲ ಎಂಬುದು ನಿನ್ನ ಕಿವಿಗೆ ಬೀಳಲೇ ಇಲ್ಲ. ಅವರು ಹೋಗಿ ಎಷ್ಟೋ ವರ್ಷವಾಯಿತು, ಈಗ ಹೇಳಿದರೆ ಯಾರ ಆಯುಷ್ಯ ಕಡಿಮೆಯಾಗುತ್ತದೆ ಎಂದು ಕೇಳಬೇಡ. ಕೈ ಬರೆಯುತ್ತದೆ, ನಾಲಿಗೆ ಹೊರಳುವುದಿಲ್ಲ, ಅಷ್ಟೆ.

ಅಷ್ಟಕ್ಕೇ ನಿಂತಿದ್ದರೆ ನುಂಗಿಕೊಳ್ಳುತ್ತಿದ್ದೆ. ಹೋದ ತಿಂಗಳು ನೀನು ಸುವರ್ಣಾಳ ಫೋನಿಗೆ ಮೆಸೇಜು ಕಳಿಸಿದೆ. ಕೊಂಡಾಪುರದ ಆಚೆ ಒಂದು ವೃದ್ಧರ ನಿವಾಸ ನೋಡಿದ್ದೀ, ಕೋಣೆ ಹೇಳಿಟ್ಟಿದ್ದೀ, ಶ್ರಾವಣ ಬರುವುದರೊಳಗೆ ನನ್ನನ್ನು ಅಲ್ಲಿಗೆ ಸೇರಿಸುತ್ತೀ. 'ಅಪ್ಪನ ಹೆಸರ ಮರತಾಕಿಗೆ ಎಲ್ಲಿದ್ದರೇನು, ಆಕಿಗೇನ ತಿಳೀತೈತಿ' ಎಂದು ಬರೆದಿದ್ದೀ. ಆ ಹುಡುಗನ ಹಾಳೆಯ ಫೋಟೊವನ್ನು ನೀನು ಯುಗಾದಿಯಲ್ಲೇ ಫೋನಿನಲ್ಲಿ ಹೊಡೆದುಕೊಂಡಿದ್ದೆಯಂತೆ. ಅದನ್ನೇ ನಿವಾಸದವರಿಗೆ ಕಳಿಸಿ, ನನ್ನನ್ನು ಕೇಳುವ ಅಗತ್ಯವಿಲ್ಲ ಎಂದು ಒಪ್ಪಿಸಿದ್ದೀ. ಸುವರ್ಣಾ ದಣಿದಿದ್ದಾಳೆ, ಅವಳ ಸಲುವಾಗಿ ಮಾಡುತ್ತಿದ್ದೇನೆ ಎಂದೂ ಇತ್ತು. ತಂಗಿಯ ದಣಿವು ನಾಗಪುರದಿಂದಲೇ ಕಾಣುವಷ್ಟು ನಿನ್ನ ಕಣ್ಣು ಚುರುಕಾಗಿದ್ದರೆ ಅವಳನ್ನೊಂದು ಮಾತು ಕೇಳಬಹುದಿತ್ತು. ಅದನ್ನು ಓದಿ ಹೇಳುವಾಗ ಅವಳು ಅತ್ತಳು.

ಆ ನಿವಾಸದಲ್ಲಿ ಕನ್ನಡ ಬಲ್ಲವರು ಒಬ್ಬರೂ ಇಲ್ಲ, ಸಂಗಣ್ಣ ಹೋಗಿ ವಿಚಾರಿಸಿಕೊಂಡು ಬಂದ. ನನ್ನ ತಲೆಯಿಂದ ಮೊದಲು ಹೋದದ್ದು ತೆಲುಗು. ಬೇಗಂ ಬಜಾರಿನಲ್ಲಿ ಚೌಕಾಸಿ ಮಾಡಿ ಸೇಟುಗಳಿಗೆ ಬೆವರಿಳಿಸಿದ ನನ್ನ ಹಿಂದಿಯೂ ಈಗ ಹರಿದ ಚೀಲದಿಂದ ಸೋರುವ ಬೇಳೆಯ ಹಾಗೆ ಸೋರುತ್ತಿದೆ. ಉಳಿದದ್ದು ಕನ್ನಡವೊಂದೇ. ಅದನ್ನೂ ಆಡುವವರಿಲ್ಲದ ಕಡೆ ಕೂರಿಸಿದರೆ ನಾನು ಉಸಿರಿರುವಾಗಲೇ ಮೂಕಳಾಗುತ್ತೇನೆ. ಅವ್ವ ದಾರಿ ತಪ್ಪಿದ್ದಳು ಎಂದೂ ನೀನು ಬರೆದಿದ್ದೀ. ತಪ್ಪಿದ್ದು ಹೌದು. ಬಂಡೆ ಒಡೆಯುವುದಕ್ಕೆಂದು ಅದರ ಸುತ್ತ ಹಸಿರು ಪರದೆ ಕಟ್ಟಿದ ದಿನ ಅದು. ನಾನು ಅದನ್ನು ನೋಡಿಕೊಂಡೇ ಮನೆಗೆ ಬರುವವಳು. ಅಲ್ಲಿ ಕೆಲಸಕ್ಕಿದ್ದ ಯಾದಗಿರಿ ಕಡೆಯ ಹೆಣ್ಣುಮಗಳು 'ಯಾವೂರಾಕಿ ಯವ್ವಾ ನೀ' ಎಂದು ಕೇಳಿ ಕೈ ಹಿಡಿದು ಮನೆಗೆ ತಂದುಬಿಟ್ಟಳು. ಮನೆ ಮರೆತಾಗಲೂ ನನ್ನನ್ನು ಮನೆ ಮುಟ್ಟಿಸಿದ್ದು ಆ ಮಾತು.

ಹಾವಿನ ದ್ವೇಷ ಹನ್ನೆರಡು ವರ್ಷ ಅನ್ನುತ್ತಾರೆ. ನನಗೆ ಅಷ್ಟು ಕಾಲ ನೆನಪಿಟ್ಟುಕೊಳ್ಳುವ ಭರವಸೆಯಿಲ್ಲ, ಅದಕ್ಕೆ ಕೂಡಲೇ ತೀರಿಸಿಕೊಳ್ಳಬೇಕಾಯಿತು. ಆ ಸಂಶೋಧನೆಯವರಿಗೆ ಫೋನ್ ಹಚ್ಚು ಎಂದು ಸುವರ್ಣಾಳಿಗೆ ಹೇಳಿದೆ. ಅವರ ಮುಖ್ಯಸ್ಥೆ ಉಮಾಶ್ರೀ ಮೇಡಂ ಸಿಕ್ಕರು. ಬಳ್ಳಾರಿಯವರು, ಮಾತು ಸರಾಗ. ನೀನು ಫೋಟೊ ಕಳಿಸಿದ್ದು ಕೇಳಿ ಅವರ ದನಿ ಏರಿತು. ಆ ಅಂಕಗಳು ಯಾರನ್ನೂ ಎಲ್ಲಿಗೂ ಸಾಗಿಸುವುದಕ್ಕಲ್ಲ, ಅಧ್ಯಯನಕ್ಕೆ ಮಾತ್ರ ಎಂದರು. ಕಾಯಿಲೆಯವರನ್ನೂ ಅವರನ್ನು ನೋಡಿಕೊಳ್ಳುವವರನ್ನೂ ಕೂರಿಸಿಕೊಂಡು ಪ್ರಶ್ನೆಗಳನ್ನು ತಿದ್ದುವ ಸಭೆ ಅಮೀರ್‌ಪೇಟೆಯಲ್ಲಿದೆ, ಇಬ್ಬರೂ ಬನ್ನಿ ಎಂದು ಕರೆದರು.

ಹೋದೆವು. ಕಂಪ್ಯೂಟರ್ ಕಲಿಸುವ ಕಟ್ಟಡವೊಂದರ ಮೇಲಿನ ಕೋಣೆ. ಗೋಡೆಯ ತುಂಬ ನೌಕರಿ ಸಿಕ್ಕವರ ಫೋಟೊ, ಅದರ ಕೆಳಗೆ ಇದ್ದದ್ದನ್ನೂ ಕಳೆದುಕೊಳ್ಳುತ್ತಿರುವ ನಾವು. ಮೊದಲು ಸುವರ್ಣಾಳನ್ನು ಕೇಳಿದರು, ನಿಮಗೆ ಏನು ಸಹಾಯ ಬೇಕು ಎಂದು. ಅವಳಿಗೆ ಇದನ್ನು ಯಾರೂ ಕೇಳಿರಲಿಲ್ಲ, ನಾನು ಕೂಡ. 'ವಾರಕ್ಕೊಮ್ಮೆ ಮುಂಜಾನೆ ಯಾರರ ಬಂದು ಅವ್ವನ ಹತ್ರ ಕುಂಡರ್ಲಿ ಸಾಕ್ರಿ. ತೆಲಿಗೆ ಎಣ್ಣಿ ಹಚ್ಚಿಕೊಂಡು ನಿವಾಂತ ಜಳಕ ಮಾಡತೀನಿ. ಅವ್ವನ ಎಲ್ಲೂ ಕಳಸೂದು ಬ್ಯಾಡ್ರಿ' ಎಂದಳು. ಓದಿದೆಯಾ? ನೀನು ತಂಗಿಯ ಸಲುವಾಗಿ ನನ್ನನ್ನು ಊರಾಚೆ ಇಡಲು ಹೊರಟಿದ್ದೆ. ಅವಳಿಗೆ ಬೇಕಾದದ್ದು ಒಂದು ತಲೆಸ್ನಾನ. ನನಗೆ ಅವಳ ಮುಖ ನೋಡಲಾಗಲಿಲ್ಲ.

ನಂತರ ಮೇಡಂ ನನ್ನ ಹಾಳೆ ತೆಗೆದು ಯಜಮಾನರ ಹೆಸರಿನ ಆ ಸೊನ್ನೆಯ ಬಗ್ಗೆ ಕೇಳಿದರು. ಸುವರ್ಣಾ, 'ಹಂಗ ಕೇಳಿದ್ರ ಹೇಳಂಗಿಲ್ರಿ, ಒಡಪಿನ್ಯಾಗ ಹೇಳು ಅನ್ರಿ' ಎಂದಳು. ಮದುವೆಯಲ್ಲಿ ಹೊಸ್ತಿಲ ಮೇಲೆ ತಡೆದು ನಿಲ್ಲಿಸಿ, ಪ್ರಾಸ ಕಟ್ಟಿ ಗಂಡನ ಹೆಸರು ಹೇಳಿಸುತ್ತಾರಲ್ಲ, ಆ ಒಡಪು. ನಾನು ಹಿಂದೆ ಸರಿದೆ. ಗಂಡನಿಲ್ಲದವಳು ಒಡಪು ಹೇಳಬಾರದು. ನಿಮ್ಮಪ್ಪ ಹೋದಮೇಲೆ ಯಾವ ಮದುವೆಯಲ್ಲಿ ಒಡಪು ಶುರುವಾದರೂ ನಾನು ಎದ್ದು ಒಳಗೆ ಹೋಗುತ್ತಿದ್ದೆ. ಆದರೆ ನಿನ್ನ ಮೆಸೇಜು ನೆನಪಾಯಿತು. ಎದ್ದು ನಿಂತೆ. ಸೃಜನ್ ಕ್ಯಾಮೆರಾ ಹಚ್ಚಿದ್ದ. ಅಲ್ಲೇ ಕಟ್ಟಿ ಹೇಳಿದೆ, ಒಂದು ಅಕ್ಷರವೂ ತಪ್ಪಲಿಲ್ಲ:

ತೊಗರಿ ಹೊಲಕ್ಕ ಇಳದೈತಿ ಗಿಣಿಗಳ ಹಿಂಡು,
ತಾಯಿ ಮರತಾಳಂತ ಬರಸ್ಯಾನ ಹಡದ ಗಂಡು,
ಬಂಡೆಪ್ಪನವರ ಹೆಸರ ಹೇಳತೀನಿ ನಾಕ ಮಂದೀನ ಕಂಡು.

ಮೇಡಂ ಅದನ್ನು ತೆಲುಗಿಗೆ ತಿರುಗಿಸಿ ಹೇಳಿದಾಗ ಕೋಣೆಯೆಲ್ಲ ನಕ್ಕಿತು. ಒಬ್ಬ ಮುದುಕಿ, ಅವಳಿಗೆ ತನ್ನ ಊರೂ ಮರೆತಿತ್ತು, ಎದ್ದು ಬಂದು ನನ್ನ ಕೆನ್ನೆ ಸವರಿದಳು. ನನ್ನ ಹೊಟ್ಟೆ ತಣ್ಣಗಾಯಿತು. ಕೂತಮೇಲೆ ಸೆರಗಿನಿಂದ ಬಾಯಿ ಒರೆಸಿಕೊಂಡೆ ಎಂಬುದೂ ನಿಜ, ಆ ಹೆಸರು ನನ್ನ ಬಾಯಿಂದ ಹೊರಗೆ ಬಿದ್ದಿತ್ತಲ್ಲ. ಅವರು ಇದ್ದಾಗ ನಗುತ್ತ ಒಡಪಿನಲ್ಲಿ ಹೇಳಿದ್ದ ಹೆಸರನ್ನು ಪರೀಕ್ಷೆಯ ಕೋಣೆಯಲ್ಲಿ ಸಾಕ್ಷಿ ಹೇಳುವಂತೆ ಹೇಳಿಸಿದವನು ನೀನು. ಅದನ್ನು ನಾನು ಕ್ಷಮಿಸಿಲ್ಲ. ಇನ್ನು ಮುಂದೆ ಮನೆಮನೆಗೆ ಹೋಗಿ ಪ್ರಶ್ನೆ ಕೇಳುವವರಿಗೆಲ್ಲ ತರಬೇತಿಯಲ್ಲಿ ಮೊದಲು ಈ ವಿಡಿಯೊ ತೋರಿಸುತ್ತಾರಂತೆ, ನಾನೇ ಒಪ್ಪಿ ಸಹಿ ಹಾಕಿದೆ. ನಿನ್ನ ಹೆಸರು ಅದರಲ್ಲಿಲ್ಲ, ಹೆದರಬೇಡ. ಹಡೆದ ಗಂಡು ಯಾರು ಎಂದು ಕೇಳಿದವರಿಗೆ ಮಾತ್ರ ನಾಗಪುರದಲ್ಲಿದ್ದಾನೆ ಎಂದು ಹೇಳಿದ್ದೇನೆ.

ನಿನ್ನ ಬೆನ್ನುನೋವು ಹೇಗಿದೆ ಎಂದು ಕೇಳಿದೆನೇ? ಮೇಲೆ ನೋಡಿದೆ, ಕೇಳಿದ್ದೇನೆ.

ಸಭೆಯ ಕೊನೆಗೆ ಮತ್ತೇನಾದರೂ ಬದಲಾಯಿಸಬೇಕೇ ಎಂದು ಕೇಳಿದರು. ನಾನು ಹೇಳಿದೆ, 'ನಮ್ಮ ಪರವಾಗಿ ಮಾತಾಡೋರಿಗೆ ಮೊದಲ ನಾವೊಂದು ಪರೀಕ್ಷಾ ಇಡಬೇಕ್ರಿ. ಪಾಸಾದ್ರ ಮಾತಾಡ್ಲಿ, ಇಲ್ಲಂದ್ರ ಚಾ ಕೊಡ್ಲಿ.' ಮೊದಲು ಮುಸಿಮುಸಿ ನಕ್ಕರು. ಆಮೇಲೆ ಒಬ್ಬೊಬ್ಬರಾಗಿ ಹೌದು ಹೌದು ಎಂದರು. ಈಗ ಅದು ಅವರ ನಿಯಮ. ಕಾಯಿಲೆಯವರು ತಲೆ ತಿಳಿಯಾಗಿದ್ದಾಗ ತಮ್ಮ ಬಗ್ಗೆ ಪ್ರ‍ಶ್ನೆ ಕಟ್ಟಿಕೊಡುತ್ತಾರೆ, ಅವಕ್ಕೆ ಉತ್ತರಿಸಿದವರೇ ನಮ್ಮ ಪರವಾಗಿ ಮಾತಾಡುವವರು. ಮಗನೋ ಮಗಳೋ ಹಿರಿಯನೋ ಎಂದು ನೋಡುವುದಿಲ್ಲ.

ನನ್ನವು ಇವು. ಅವ್ವನಿಗೆ ಯಾವ ಕಿವಿ ಕೇಳಿಸುವುದಿಲ್ಲ? ಜಳಕ ಎಂದರೆ ಯಾಕೆ ಹೆದರುತ್ತಾಳೆ? ಸಂಜೆಯಾದರೆ 'ಮನಿಗೆ ಹೋಗೂಣು ನಡಿ' ಎಂದು ಹಟ ಹಿಡಿಯುತ್ತಾಳಲ್ಲ, ಆಗ ಏನು ಮಾಡಬೇಕು? ಸುವರ್ಣಾ ಕೂತಲ್ಲೇ ಹೇಳಿದಳು: ಎಡಗಿವಿ, ಮುಖದ ಮೇಲೆ ನೀರು ಬಿದ್ದರೆ ಉಸಿರು ಕಟ್ಟುತ್ತದೆ, ಅದಕ್ಕೆ ತಂಬಿಗೆಯಿಂದ ಬೆನ್ನಿಗೆ ಮೊದಲು ಹಾಕಬೇಕು, ಸಂಜೆ ಮೊರದಲ್ಲಿ ತೊಗರಿಬೇಳೆ ಹಾಕಿಕೊಟ್ಟರೆ ಆರಿಸುತ್ತ ಮನೆಯ ಮಾತು ಬಿಡುತ್ತಾಳೆ. ಬೇಳೆಯ ಉಪಾಯವನ್ನು ಮೇಡಂ ಬೇರೆಯವರಿಗೂ ಹೇಳಿದರು. ಉತ್ತರಗಳನ್ನು ನಿನಗೇ ಬರೆದು ಕಳಿಸಿದ್ದೇನೆ, ತಾಯಿಯಲ್ಲವೇ, ಅಷ್ಟು ಸಹಾಯ ಮಾಡಬೇಕು. ಇವಕ್ಕೂ ಮೊದಲಿನ ಪ್ರಶ್ನೆಯೊಂದು ಇನ್ನೂ ಇದೆ, ಅದನ್ನು ಕಡೆಗೆ ಬರೆಯುತ್ತೇನೆ.

ಮುಂದಿನ ವಾರ ಉಮಾಶ್ರೀ ಮೇಡಂ ನಿನಗೆ ಫೋನ್ ಮಾಡುತ್ತಾರೆ. ಕೆಲಸವಿದೆ ಎಂದು ತಪ್ಪಿಸಿಕೊಳ್ಳಲು ಬರುವುದಿಲ್ಲ, ನನ್ನನ್ನು ನೋಡಿಕೊಳ್ಳುವವನು ನಾನೇ ಎಂದು ಬರೆಸಿದವನು ನೀನೇ. ಉತ್ತರ ಹೇಳುವ ತನಕ ನನ್ನ ಬಗ್ಗೆ ನೀನು ಒಂದಕ್ಷರ ಬರೆಸುವಂತಿಲ್ಲ. ನಿವಾಸದವರಿಗೆ ನಾನೇ ನನ್ನ ಕೈಯಾರೆ ಬರೆದೆ, ಬರುವುದಿಲ್ಲ ಎಂದು; ಕೆಳಗೆ ಸಂಗಣ್ಣ ಅದನ್ನೇ ತೆಲುಗಿನಲ್ಲಿ ಬರೆದ. ಅವರು ಮನೆಗೇ ಬಂದು, ಸಂಗಣ್ಣನಿಂದ ತೆಲುಗು ಮಾಡಿಸಿಕೊಂಡು ನನ್ನ ಬಾಯಿಂದಲೂ ಕೇಳಿ, ಒಪ್ಪಿಗೆಯಿಲ್ಲದೆ ಸೇರಿಸುವುದಿಲ್ಲ ಎಂದು ಹೋದರು. ಆ ಕೋಣೆಗೆ ದೊಡ್ಡ ಕಿಟಕಿ ಇದೆಯಂತೆ. ನಿನ್ನ ಮುಪ್ಪಿಗೆ ಹೇಳಿಟ್ಟುಕೋ.

ಮಾತು ಕಟುವಾಯಿತು ಎಂದು ಸುವರ್ಣಾ ಹೇಳುತ್ತಾಳೆ. ಆಗಲಿ. ತಾಯಿ ಬೈದದ್ದನ್ನು ತಾಳಿಕೊಂಡವರು ಬಾಳುತ್ತಾರೆ. ಹೊತ್ತಿಗೆ ಸರಿಯಾಗಿ ಊಟ ಮಾಡು, ಭಾರ ಎತ್ತಬೇಡ. ಸೊಸೆಗೆ ಸಂಗಣ್ಣನ ನಮಸ್ಕಾರ, ಮೊಮ್ಮಗಳಿಗೆ ನನ್ನ ಮುತ್ತು. ಮೇಲೆ ಬರೆದ ಆಶೀರ್ವಾದವನ್ನು ಹೊಡೆದುಹಾಕಿಲ್ಲ, ಹಾಗೇ ಇಟ್ಟುಕೋ.

ಇಂತಿ ನಿನ್ನ ತಾಯಿ,
ಸುಗಲಮ್ಮ

ತಾ.ಕ.: ಸುವರ್ಣಾ ಲಕೋಟೆಗೆ ಅಂಟು ಹಚ್ಚುತ್ತಿದ್ದಾಳೆ, ಬೇಗ ಬರೆಯುತ್ತೇನೆ, ಮುಖ್ಯವಾದದ್ದೇ ಬಿಟ್ಟುಹೋಗಿತ್ತು. ಮೊದಲನೆಯ ಪ್ರಶ್ನೆ: ನಿನ್ನ ತಾಯಿಯ ಹೆಸರೇನು? ಮೇಲಿನ ಸಹಿ ನೋಡಿ ಹೇಳಿಬಿಟ್ಟೀಯ. ಸುಗಲಮ್ಮ ಎಂಬುದು ಮದುವೆಯ ದಿನ ನಿಮ್ಮಜ್ಜಿ ಇಟ್ಟದ್ದು. ತೊಟ್ಟಿಲಲ್ಲಿ ನನ್ನ ಸೋದರತ್ತೆ ಕಿವಿಯಲ್ಲಿ ಹೇಳಿದ ಹೆಸರು ಬೇರೆ. ನಿನ್ನನ್ನು ತೊಡೆಯ ಮೇಲೆ ಮಲಗಿಸಿಕೊಂಡು ಅದನ್ನು ಎಷ್ಟೋ ಸಲ ಹೇಳಿದ್ದೇನೆ, ನಿನ್ನ ಸೋದರಮಾವ ಸಾಯುವ ತನಕ ನಿನ್ನೆದುರೇ ಅದೇ ಹೆಸರಿನಿಂದ ಕರೆಯುತ್ತಿದ್ದ. ಸುವರ್ಣಾಳಿಗೆ ಗೊತ್ತಿದೆ, ನಿನಗೆ ಹೇಳಕೂಡದೆಂದು ಆಣೆ ಹಾಕಿಸಿದ್ದೇನೆ, ಅವಳಿಗೆ ಫೋನ್ ಮಾಡಬೇಡ. ಇನ್ನು ಸ್ವಲ್ಪ ದಿನಕ್ಕೆ ನಾನೇ ಅದನ್ನು ಮರೆತೇನು. ನನಗಾದರೆ ಕಾಯಿಲೆ ಇದೆ. ನಿನಗೇನಾಗಿದೆ?